ಐದನೆಯ ಕೋಟೆಯ ರಾಣಿ

ಅಕ್ಕ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವಳು. ತಂಗಿ ವಿಡಿಯೊ ಗೇಮುಗಳಿಗೆ ಕಥೆ ಬರೆಯುವವಳು. ಅಕ್ಕನ ಕೆಲಸ ಕೇಳಿದವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ತಂಗಿಯದು ಅವರ ಸ್ವಂತ ಅಮ್ಮನಿಗೂ ಸಾಯುವ ತನಕ ತಿಳಿಯಲಿಲ್ಲ. “ಆಟಕ್ಕೆ ಯಾತರ ಕಥೆಯೇ? ಗೆದ್ದರೆ ಗೆದ್ದ, ಸೋತರೆ ಸೋತ,” ಎನ್ನುತ್ತಿದ್ದಳು ಆಕೆ.

ನಲವತ್ತು ಜನ ನಾಲ್ಕು ವರ್ಷ ದುಡಿದ ಮೇಲೆ ‘ಮಸಿರಾಜ್ಯ’ ಎಂಬ ಗೇಮು ಹೊರಬಂತು. ಕಥೆ ತಂಗಿಯದು. ಒಂದು ರಾಜ್ಯ, ಅಲ್ಲಿನ ಜನರ ಗಂಟಲಿನಲ್ಲಿ ಒಳಗಿನಿಂದಲೇ ಮಸಿ ಉಕ್ಕುವ ರೋಗ. ಆಡುವವನು ಒಬ್ಬ ಸಿಪಾಯಿ. ಅವನು ಏಳು ಕೋಟೆ ಹತ್ತಬೇಕು, ಕೋಟೆಗೊಬ್ಬರಂತೆ ಏಳು ಜನರನ್ನು ಕೊಲ್ಲಬೇಕು, ರೋಗದ ಬೇರು ಹುಡುಕಬೇಕು. ಸೂರ್ಯ ಹುಟ್ಟದ ಆಕಾಶ, ಮುಖವಿಲ್ಲದ ಕಾವಲುಗಾರರು, ಕೊಳೆತ ಸಿಂಹಾಸನಗಳು. ಕತ್ತಲೆಯ ಕಥೆ ಬೇಕೆಂದು ಕಂಪನಿಯೇ ಕೇಳಿತ್ತು.

ಗೇಮು ಬಂದ ಹತ್ತನೆಯ ದಿನ ಬೆಳಿಗ್ಗೆ ಕಚೇರಿಯ ಮುಖ್ಯಸ್ಥ ಎಲ್ಲರನ್ನೂ ಮೀಟಿಂಗ್ ಕೋಣೆಗೆ ಕರೆದ. ಅವನಿಗೆ ಎಲ್ಲರೂ ಇಟ್ಟ ಹೆಸರು ದಳಪತಿ. ಅವನಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಗೇಮುಗಳ ವಿಮರ್ಶೆ ಬರೆಯುವವರಲ್ಲಿ ಹೆಚ್ಚು ಜನ ನಂಬುವ ಒಬ್ಬನ ಬರಹ ಬಂದಿತ್ತು. ದಳಪತಿ ಅದನ್ನು ಗಟ್ಟಿಯಾಗಿ ಓದಿದ.

“‘ಕತ್ತಿವರಸೆ ಕಣ್ಣಿಗೆ ಹಬ್ಬ. ಕೋಟೆ, ಮಂಜು, ಬೆಂಕಿ ಎಲ್ಲ ಸೊಗಸು. ಆದರೆ ಕಥೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಶಾಪ, ಭವಿಷ್ಯವಾಣಿ, ದ್ರೋಹಿ ಮಂತ್ರಿ, ಎಲ್ಲ ಹಳೇ ಸಾಮಾನು, ಗೋಣಿಚೀಲ ಮಾತ್ರ ಹೊಸದು. ಏಳರಲ್ಲಿ ಆರು ಕೋಟೆಗಳ ಕಥೆಯನ್ನು ನಾನು ಕೈ ತೊಳೆಯುವಷ್ಟರಲ್ಲಿ ಮರೆತೆ.’”

ಯಾರೂ ತಂಗಿಯ ಕಡೆ ನೋಡಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು.

“ತಡೀರಿ, ಮುಂದಿದೆ. ‘ಐದನೆಯ ಕೋಟೆಯದೊಂದು ಬೇರೆ. ಕಾಯಿಲೆ ಬಿದ್ದ ರಾಜನನ್ನು ಸಾಯಬಿಟ್ಟ ರಾಣಿ ಬಾಯಿ ತೆರೆದಾಗ ನಾನು ಆಟ ನಿಲ್ಲಿಸಿ ಸುಮ್ಮನೆ ಕೂತೆ. ಇಷ್ಟು ನೀಚ ಹೆಂಗಸನ್ನು ನಾನು ಯಾವ ಗೇಮಿನಲ್ಲೂ ಕಂಡಿಲ್ಲ. ಇಷ್ಟು ನಿಜವಾದವಳನ್ನೂ ಕಂಡಿಲ್ಲ. ಬರೆದವರು ಇದನ್ನು ಎಲ್ಲಿಂದ ತಂದರೋ!’”

ಚಪ್ಪಾಳೆ ಬಿತ್ತು. ಪಕ್ಕದವಳು ತಂಗಿಯ ಬೆನ್ನು ತಟ್ಟಿದಳು.

“ನಮಗಾದ್ರೂ ಹೇಳ್ರೀ, ಎಲ್ಲಿಂದ ತಂದ್ರಿ?” ಎಂದ ದಳಪತಿ.

“ಹೀಗೇ... ಹೊಳೀತು,” ಎಂದಳು ತಂಗಿ.

ಹೊಳೆದದ್ದಲ್ಲ.

ಭಾವ, ಅಂದರೆ ಅಕ್ಕನ ಗಂಡ, ಸರಕು ತುಂಬುವ ಅಂಗಳದಲ್ಲಿ ಕ್ರೇನು ನಡೆಸುತ್ತಿದ್ದರು. ಒಂದು ದಿನ ಕ್ರೇನಿನ ಏಣಿಯಿಂದ ಇಳಿಯುವಾಗ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಆಸ್ಪತ್ರೆಯವರು ಕುತ್ತಿಗೆಗೆ ತೂತು ಮಾಡಿ, ಉಸಿರಾಡಲು ಕೊಳವೆ ಕೂರಿಸಿ ಮನೆಗೆ ಕಳಿಸಿದರು. ಭಾವ ಕಣ್ಣು ಬಿಡುತ್ತಿದ್ದರು. ಯಾರನ್ನು ನೋಡುತ್ತಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ, ಕೆಲವು ಸಲ ಅದಕ್ಕೂ ಮೊದಲೇ, ಕೊಳವೆಯಲ್ಲಿ ಕಫ ಕಟ್ಟಿಕೊಂಡು ಗೊರಗೊರ ಸದ್ದು ಶುರುವಾಗುತ್ತಿತ್ತು. ಆಗ ಮಂಚದ ಪಕ್ಕದ ಯಂತ್ರ ಹಾಕಿ, ಸಣ್ಣ ನಳಿಕೆ ಇಳಿಸಿ, ಕಫ ಹೀರಿ ತೆಗೆಯಬೇಕು. ಅಕ್ಕ ಕೆಲಸ ಬಿಟ್ಟು ಹದಿನಾಲ್ಕು ತಿಂಗಳು ಅದನ್ನೇ ಮಾಡಿದಳು. ನಿದ್ದೆಯೂ ಅರ್ಧರ್ಧ ಗಂಟೆಯದ್ದೇ. ಮಗಳು ಪುಟ್ಟಿಗೆ ಆಗ ಹದಿನಾಲ್ಕು ವರ್ಷ. ಅವಳು ಸ್ಕೂಲಿಗೆ ಹೋದರೆ ಮನೆಯಲ್ಲಿ ಅಕ್ಕ, ಭಾವ, ಆ ಸದ್ದು, ಇಷ್ಟೇ.

ಒಂದು ಮಧ್ಯಾಹ್ನ ಸದ್ದು ಶುರುವಾಯಿತು. ಅಕ್ಕನ ಕೈ ಯಂತ್ರದ ಕಡೆ ಹೋಗಲಿಲ್ಲ. ಒಣಗಿದ ಟವೆಲ್ಲುಗಳು ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಅವಳು ಕೂತು ಅವನ್ನು ಮಡಚಿದಳು. ಹನ್ನೊಂದು ಟವೆಲ್ಲು. ಕೊನೆಯದಕ್ಕೆ ಬರುವಷ್ಟರಲ್ಲಿ ಸದ್ದು ನಿಂತಿತು.

ಇದನ್ನು ಅಕ್ಕ, ಭಾವ ತೀರಿಕೊಂಡ ಒಂಬತ್ತನೆಯ ದಿನ, ತಂಗಿಯೊಬ್ಬಳಿಗೇ ಹೇಳಿದಳು. ಯಂತ್ರವನ್ನು ಯಾರಿಗೋ ಕೊಡುವುದಿತ್ತು. ಬಚ್ಚಲಿನಲ್ಲಿ ಕೂತು ಅದರ ನಳಿಕೆಗಳನ್ನು ತೊಳೆಯುತ್ತ ಹೇಳಿದಳು. “ಅವರು ಸಾಯ್ಲಿ ಅಂತಲ್ಲ ಕಣೇ. ಆ ಸದ್ದು ನಿಂತ್ರೆ ಸಾಕಾಗಿತ್ತು.” ಇನ್ನೂ ಏನೇನೋ ಹೇಳಿದಳು. ಕೊನೆಗೆ, “ಪುಟ್ಟಿಗೆ ಗೊತ್ತಾಗಬಾರದು,” ಎಂದಳು. “ನನ್ನ ಹೊಟ್ಟೆಯೊಳಗೇ ಇರುತ್ತೆ ಅಕ್ಕ,” ಎಂದು ತಂಗಿ ಒದ್ದೆ ಕೈ ಹಿಡಿದುಕೊಂಡು ಮಾತು ಕೊಟ್ಟಳು.

ಒಂದೂವರೆ ವರ್ಷ ಅಲ್ಲೇ ಇತ್ತು. ಆಮೇಲೆ ಐದನೆಯ ಕೋಟೆಯ ಕಥೆ ಕಗ್ಗಂಟಾಯಿತು. ರಾಣಿ ರಾಜನನ್ನು ಕೊಲ್ಲಬೇಕು, ಸರಿ, ಯಾಕೆ ಕೊಲ್ಲುತ್ತಾಳೆ? ಸಿಂಹಾಸನಕ್ಕಾಗಿ ಎಂದು ಬರೆದಳು. ಪ್ರಿಯಕರನಿಗಾಗಿ ಎಂದು ಬರೆದಳು. ಶಾಪದಿಂದ ಎಂದು ಬರೆದಳು. ದಳಪತಿ ಮೂರನ್ನೂ “ಸಪ್ಪೆ” ಎಂದು ವಾಪಸು ಕಳಿಸಿದ. ನಾಲ್ಕನೆಯ ಸಲ, ಊಟ ಮುಗಿಸಿ ಬಂದು, ಅವಳು ಯೋಚಿಸದೆ ಬರೆದಳು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡಳು. ದಳಪತಿ ಓದಿ, ಬಾಗಿಲಿಗೆ ಬಂದು, ಏನೂ ಹೇಳದೆ ಹೆಬ್ಬೆರಳು ಎತ್ತಿ ಹೋದ. ರಾಣಿಗೆ ದನಿ ಕೊಟ್ಟ ನಟಿ ಆ ಮಾತುಗಳನ್ನು ಓದುತ್ತ ಅತ್ತಳಂತೆ. ಬದಲಾಯಿಸುವ ಹೊತ್ತು ಯಾವಾಗ ದಾಟಿಹೋಯಿತೋ ತಂಗಿಗೇ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು.

ವಿಮರ್ಶೆ ಓದಿದ ದಿನವೇ ಅವಳು ದಳಪತಿಯ ಕೋಣೆಗೆ ಹೋದಳು.

“ಮುಂದಿನ ಅಪ್‌ಡೇಟಿನಲ್ಲಿ ರಾಣಿಯ ಮಾತು ಸ್ವಲ್ಪ ಬದಲಾಯಿಸೋಣ ಸರ್.”

“ಬದಲಾಯಿಸೋದಾ? ಇಡೀ ಕಥೆಯಲ್ಲಿ ಅವರು ಹೊಗಳಿರೋದು ಅದೊಂದನ್ನೇ. ಮಿಕ್ಕಿದ್ದು ಬದಲಾಯಿಸಿ ಅಂದ್ರೆ ಒಪ್ತೀನಿ.” ದಳಪತಿ ನಕ್ಕ. “ಯಾಕ್ರೀ, ಯಾರ ಮನೆ ಕಥೆನಾದ್ರೂ ಕದ್ದಿದೀರಾ?”

ಅವಳೂ ನಕ್ಕಳು.

ಸಂಜೆ ಪುಟ್ಟಿ ಫೋನ್ ಮಾಡಿದಳು. ಈಗ ಅವಳಿಗೆ ಹದಿನೇಳು. ಚಿಕ್ಕಮ್ಮನ ಗೇಮು ಎಂದರೆ ಕಾಲೇಜಿನಲ್ಲಿ ಅವಳಿಗೆ ಹೆಮ್ಮೆಯೋ ಹೆಮ್ಮೆ.

“ಚಿಕ್ಕಮ್ಮಾ, ಆ ವಿಮರ್ಶೆ ಬರೆದವನಿಗೆ ತಲೆ ಇದೆಯಾ? ಕಥೆ ಇಲ್ವಂತೆ! ನಾನು ನಾಲ್ಕು ಕೋಟೆ ಮುಗಿಸಿದೆ. ಎರಡನೇದರಲ್ಲಿ ಅತ್ತೇಬಿಟ್ಟೆ.”

“ಅದು ದೊಡ್ಡವರಿಗೆ ಮಾಡಿರೋ ಗೇಮು ಪುಟ್ಟಿ. ಅಲ್ಲಿಗೇ ನಿಲ್ಸು.”

“ಅಯ್ಯೋ, ಇನ್ನೇನು ಎಂಟು ತಿಂಗಳಿಗೆ ಹದಿನೆಂಟು! ಭಾನುವಾರ ಬಾ, ಐದನೇದನ್ನ ನಿನ್ನ ಮುಂದೇನೇ ಆಡ್ತೀನಿ. ಅಮ್ಮನೂ ನೋಡ್ತಾಳಂತೆ.”

ತಂಗಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಹೋಗದಿದ್ದರೂ ಪುಟ್ಟಿ ಆಡಿಯೇ ಆಡುತ್ತಾಳೆ. ಹೋದರೆ ಕೊನೇ ಪಕ್ಷ ಆ ಜಾಗ ಬಂದಾಗ ಏನಾದರೂ ನೆವ ಹೇಳಿ ನಿಲ್ಲಿಸಬಹುದು. ಅಕ್ಕನಿಗೆ ಮೊದಲೇ ಫೋನ್ ಮಾಡಿ ಹೇಳಿಬಿಡೋಣ ಎಂದು ನಾಲ್ಕು ಸಲ ನಂಬರು ಒತ್ತಿದಳು. ಎರಡು ಸಲ ಅಕ್ಕ ಎತ್ತಿದಳು. ತಂಗಿ “ಊಟ ಆಯ್ತಾ?” ಎಂದು ಕೇಳಿ ಇಟ್ಟಳು.

ಭಾನುವಾರ ಹತ್ತು ಗಂಟೆಗೆ ಅಕ್ಕನ ಮನೆ. ಎರಡೇ ಕೋಣೆ, ಮಂಚವಿದ್ದ ಜಾಗದಲ್ಲಿ ಈಗ ಪುಟ್ಟಿಯ ಓದುವ ಮೇಜು. ಅಕ್ಕ ಕಿಟಕಿಯ ಹತ್ತಿರ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ಗಾಜಿನ ಪುಡಿ ಕೂತು ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ.

“ಬಾರೇ, ರಾಜ್ಯ ಕಟ್ಟಿದವಳೇ,” ಎಂದಳು ಅಕ್ಕ. “ನಿನ್ನೆಯಿಂದ ಇವಳು ಒಂದೇ ಸಮ ಹೊಡಿ, ಬಡಿ ಅಂತಿದಾಳೆ. ನಮ್ಮ ಮನೆಯೋ, ಕಸಾಯಿಖಾನೆಯೋ!”

ಪುಟ್ಟಿ ಆಡಿದಳು. ಅಕ್ಕ ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಟೀವಿಯ ಮೇಲೆ ಇಟ್ಟಳು. ಐದನೆಯ ಕೋಟೆಯ ಮೆಟ್ಟಿಲು ಮುಗಿಯುತ್ತ ಬಂದಾಗ ತಂಗಿ, “ಪುಟ್ಟಿ, ಸ್ವಲ್ಪ ನೀರು ತಂದುಕೊಡೇ,” ಎಂದಳು. “ಒಂದೇ ನಿಮಿಷ ಚಿಕ್ಕಮ್ಮ,” ಎಂದಳು ಪುಟ್ಟಿ. “ಹಾಗಾದ್ರೆ ಸಾಕು ನಿಲ್ಸು, ಹೊರಗೆ ಹೋಗಿಬರೋಣ.” “ಈಗಲಾ? ರಾಣಿ ಬರೋ ಹೊತ್ತಲ್ಲಾ!”

ರಾಣಿ ಬಂದಳು. ಸತ್ತ ರಾಜನ ಕಾಲ ಬಳಿ ಬೆನ್ನು ಹಾಕಿ ಕೂತಿದ್ದಳು. ಕೋಣೆಯ ತುಂಬ ಅವಳ ದನಿ ತುಂಬಿತು.

“ಅರ್ಧ ಗಳಿಗೆಗೊಮ್ಮೆ ಆತನ ಗಂಟಲಿನ ಮಸಿಯನ್ನು ನಳಿಕೆಯಿಂದ ಹೀರಿ ತೆಗೆದೆ, ಸಿಪಾಯಿ. ಹದಿನಾಲ್ಕು ತಿಂಗಳು. ಅಂದು ಮಧ್ಯಾಹ್ನವೂ ಗಂಟಲು ಗೊರಗುಟ್ಟಿತು. ನಾನು ಏಳಲಿಲ್ಲ. ಕೂತು ಬಟ್ಟೆ ಮಡಚಿದೆ. ಹನ್ನೊಂದು ಬಟ್ಟೆ. ಹನ್ನೊಂದನೆಯದನ್ನು ಮಡಚಿಟ್ಟಾಗ ಸದ್ದು ನಿಂತಿತು. ಆತ ಸಾಯಲಿ ಎಂದಲ್ಲ. ಆ ಸದ್ದು ನಿಂತರೆ ಸಾಕಾಗಿತ್ತು.”

ತಿಂಗಳ ಲೆಕ್ಕವನ್ನಾದರೂ ಬದಲಿಸಬಹುದಿತ್ತು. ಬಟ್ಟೆಯ ಲೆಕ್ಕವನ್ನಾದರೂ. ತಂಗಿ ಅದನ್ನೂ ಮಾಡಿರಲಿಲ್ಲ.

ಅಕ್ಕನ ಸೂಜಿ ನಿಂತಿತ್ತು. ಅವಳು ಟೀವಿಯನ್ನು ನೋಡುತ್ತಿರಲಿಲ್ಲ, ತಂಗಿಯನ್ನು ನೋಡುತ್ತಿದ್ದಳು. ಪುಟ್ಟಿ ಮಾತ್ರ ಮೊದಲು ಏನೂ ತಿಳಿಯದೆ, “ಥೂ, ಎಂಥ ಹೆಂಗಸಪ್ಪಾ!” ಎಂದಳು. ಟೀವಿಯ ಮೇಲೆ ‘ಕೊಲ್ಲು’, ‘ಬಿಟ್ಟುಬಿಡು’ ಎಂಬ ಎರಡು ಪದ ಮಿನುಗತೊಡಗಿದವು. ಪುಟ್ಟಿಯ ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ.

“ನಳಿಕೆ,” ಎಂದಳು ಅವಳು ನಿಧಾನವಾಗಿ. “ಹದಿನಾಲ್ಕು ತಿಂಗಳು.” ಕೂತಲ್ಲೇ ತಿರುಗಿದಳು. “ಅಮ್ಮಾ, ಅವತ್ತು ನಾನು ಸ್ಕೂಲಿಂದ ಬಂದಾಗ ಕುರ್ಚಿ ಮೇಲೆ ಟವೆಲ್ ಮಡಚಿಟ್ಟಿತ್ತು. ನಮ್ಮನೇಲಿ ಯಾರೂ ಮಡಚ್ತಿರ್ಲಿಲ್ಲ. ಹಗ್ಗದಿಂದ ಎಳ್ಕೊಂಡು ಹಾಗೇ ಬಳಸ್ತಿದ್ವಿ. ಅವತ್ತೊಂದೇ ದಿನ ಮಡಚಿತ್ತು.”

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಇದು ಅಪ್ಪಂದಾ?”

“ಪುಟ್ಟಿ, ಕಥೆಗೆ ಅಂತ ನಾನು...” ಎಂದು ತಂಗಿ ಬಾಯಿ ಹಾಕಿದಳು.

“ನೀನು ಸುಮ್ನಿರು,” ಎಂದಳು ಅಕ್ಕ. ದನಿ ಏರಿಸಲಿಲ್ಲ. “ನೀನು ಹೇಳೋದೆಲ್ಲ ಆಗ್ಲೇ ಹೇಳಿ ಆಗಿದೆ.” ಆಮೇಲೆ ಮಗಳ ಕಡೆ ತಿರುಗಿ, “ಹೂಂ. ಅಪ್ಪಂದೇ. ಸದ್ದು ಕೇಳ್ತಾ ಇತ್ತು. ನಾನು ಏಳಲಿಲ್ಲ,” ಎಂದಳು.

ಪುಟ್ಟಿ ಟೀವಿಯ ಕಡೆ ತಿರುಗಿದಳು. “ಚಿಕ್ಕಮ್ಮ, ಬಿಟ್ಟುಬಿಡು ಅಂತ ಒತ್ತಿದ್ರೆ ಏನಾಗುತ್ತೆ?”

“ಒತ್ತಿದ್ರೆ... ಅವಳು ಹಿಂದಿನಿಂದ ಬಂದು ಚುಚ್ತಾಳೆ. ಆಮೇಲೆ ಹೋರಾಡಲೇಬೇಕು.”

“ಅಂದ್ರೆ ಹೇಗಿದ್ರೂ ಕೊಲ್ಲಲೇಬೇಕು.”

“ಹೂಂ.”

ಪುಟ್ಟಿ ಟೀವಿ ಆರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಕೇಳಿಸಿತು.

ತಂಗಿ ಅಕ್ಕನ ಕಾಲ ಬಳಿ ಕೂತಳು. ಬರೆದದ್ದು ಹೇಗಾಯಿತು, ಬದಲಿಸಲು ಹೇಗೆ ಹೋದಳು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕೇಳಿ, ಪರದೆ ಬಟ್ಟೆಯನ್ನು ಪಕ್ಕಕ್ಕಿಟ್ಟು, ಎದ್ದು ಹೊರಬಾಗಿಲು ತೆರೆದಳು.

“ಕಥೆ ಹೇಗಿದೆ ಅಂತ ತಿಳ್ಕೊಳ್ಳೋಕೆ ತಾನೇ ಬಂದಿದ್ದು? ಚೆನ್ನಾಗಿದೆ. ಗಾಜಿನ ಒಂದು ಕಡೆ ಮಾತ್ರ ಉಜ್ಜಿದೀಯ. ಆದ್ರೂ ಚೆನ್ನಾಗಿದೆ. ಈಗ ಹೋಗು.”

ಆ ವಾರವೇ ಪುಟ್ಟಿ ತನ್ನ ಪುಸ್ತಕ, ಬಟ್ಟೆ ಕಟ್ಟಿಕೊಂಡು ಅಪ್ಪನ ಅಮ್ಮನ ಮನೆಗೆ ಹೋದಳು. ಅಜ್ಜಿಗೆ ನಿಜ ಹೇಳಲಿಲ್ಲ. ಕಾಲೇಜು ಹತ್ತಿರ ಎಂದಳು. ಅಜ್ಜಿಯ ಮನೆಯಿಂದ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕಿತ್ತು. ಮುದುಕಿಗೆ ಅದು ಗೊತ್ತಿದ್ದರೂ ಮೊಮ್ಮಗಳು ಬಂದ ಸಂಭ್ರಮದಲ್ಲಿ ಕೇಳಲಿಲ್ಲ. ಅಕ್ಕ ಪ್ರತಿದಿನ ಅಂಗಡಿಗೆ ಹೋಗಿ ಗಾಜು ಉಜ್ಜಿದಳು. ತಂಗಿಯ ಫೋನು ಎತ್ತಲಿಲ್ಲ. ಒಂದು ದಿನ ತಂಗಿ ಅಂಗಡಿಗೇ ಹೋದಾಗ, ಹಿಂದಿನ ಕೋಣೆಯಿಂದ ಮಾಲೀಕ ಹೊರಬಂದು, ಮುಖ ನೋಡದೆ, “ಅವರು ಕೆಲಸದಲ್ಲಿದಾರೆ,” ಎಂದ. ಒಳಗೆ ಸಾಣೆಯಂತ್ರ ಕಿರ್ರೆನ್ನುತ್ತಿತ್ತು.

ಇತ್ತ ರಾಣಿ ಎಲ್ಲೆಡೆ ಹಬ್ಬಿದಳು. ಕಥೆ ಒಳ್ಳೆಯದೋ ಕೆಟ್ಟದ್ದೋ ಎಂದು ಜನ ಕಚ್ಚಾಡಿದರು. ಐದನೆಯ ಕೋಟೆಯ ಮಟ್ಟಿಗೆ ಮಾತ್ರ ಎಲ್ಲರದೂ ಒಂದೇ ಮಾತು. ಬೇಡದ ಫೋನು ಬಂದಾಗ, ಬಾಗಿಲು ಬಡಿದರೂ ತೆಗೆಯಲು ಮನಸ್ಸಿಲ್ಲದಾಗ, “ಹನ್ನೊಂದು ಬಟ್ಟೆ ಮಡಚ್ತಿದೀನಿ” ಎನ್ನುವುದು ಹುಡುಗರ ಬಾಯಲ್ಲಿ ಗಾದೆಯಾಯಿತು. ಕಚೇರಿಯಲ್ಲೂ ಹೇಳುತ್ತಿದ್ದರು. ಒಮ್ಮೆ ದಳಪತಿ ಕರೆದಾಗ ಪಕ್ಕದವಳು, “ಹನ್ನೊಂದು ಬಟ್ಟೆ ಇದೆ, ಆಮೇಲೆ ಬರ್ತೀನಿ ಅಂತ ಹೇಳ್ರೀ,” ಎಂದಳು. ಎಲ್ಲರೂ ನಕ್ಕರು. ತಂಗಿ ಎದ್ದು ಹೊರಗೆ ಹೋದಳು.

ದಳಪತಿ ಹೊಸ ಗೇಮು ಘೋಷಿಸಿದ: ರಾಣಿಯ ಹಿಂದಿನ ಕಥೆ. ಬರೆಯುವುದಿಲ್ಲ ಎಂದಳು ತಂಗಿ. “ನೀವು ಬರೀದಿದ್ರೆ ಬೇರೆಯವರು ಬರೀತಾರೆ. ರಾಣಿ ಕಂಪನಿಯವಳು, ನಿಮ್ಮವಳಲ್ಲ,” ಎಂದ ಅವನು. ಹಾಗಾದರೆ ಹಳೆಯ ಗೇಮಿನಿಂದ ತನ್ನ ಹೆಸರನ್ನಾದರೂ ತೆಗೆಯಿರಿ ಎಂದಳು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಹೆಸರು ಹೋಯಿತು. ರಾಣಿ ಉಳಿದಳು.

ನಾಲ್ಕನೆಯ ತಿಂಗಳು, ಒಂದು ಬುಧವಾರ, ಸ್ವಾಗತದ ಮೇಜಿನವರು ಯಾರೋ ಬಂದಿದ್ದಾರೆಂದು ಕರೆದರು. ಗೋಡೆಯ ಮೇಲೆ ಆಳೆತ್ತರದ ರಾಣಿಯ ಚಿತ್ರ. ಅದರ ಕೆಳಗಿನ ಸೋಫಾದಲ್ಲಿ ಪುಟ್ಟಿ. ಇಳಿದುಹೋಗಿದ್ದಳು.

“ನಾನು ಕೂರೋಕೆ ಬಂದಿಲ್ಲ,” ಎಂದಳು ಕೂತುಕೊಂಡೇ. “ಒಂದು ಕೇಳಬೇಕಿತ್ತು. ನಿನ್ನ ರಾಣಿ ಹನ್ನೊಂದೂ ಬಟ್ಟೆ ಮಡಚಿಡ್ತಾಳೆ. ಅವತ್ತು ನಮ್ಮನೇಲಿ ಒಂದು ಟವೆಲ್ ನೆಲದ ಮೇಲಿತ್ತು. ನನ್ನ ಕಾಲಿಗೆ ಸಿಕ್ಕಿ ನಾನು ಮುಗ್ಗರಿಸಿದೆ. ಅಮ್ಮ ನಿಂಗೆ ಹೇಳಿದ್ದನ್ನೆಲ್ಲ ಬರೆದಿದೀಯಾ? ಇಲ್ಲ ಏನಾದ್ರೂ ಬಿಟ್ಟಿದೀಯಾ?”

ತಂಗಿ ಸೋಫಾದ ತುದಿಯಲ್ಲಿ ಕೂತಳು.

“ಬಿಟ್ಟಿದೀನಿ,” ಎಂದಳು. “ಸದ್ದು ನಿಂತಾಗ ಹನ್ನೊಂದನೇದು ಅವಳ ಕೈಯಲ್ಲಿತ್ತು. ಅದನ್ನ ಎಸೆದು ಓಡಿದ್ಳು. ಯಂತ್ರ ಹಾಕಿದ್ಳು, ನಳಿಕೆ ಇಳಿಸಿದ್ಳು. ಎದೆ ಒತ್ತಿದ್ಳು. ಕುತ್ತಿಗೆ ತೂತಿಗೆ ಬಾಯಿಟ್ಟು ಊದಿದ್ಳು. ಪಕ್ಕದ ಮನೆಯವರು ಬಂದು ಎಬ್ಬಿಸೋವರೆಗೂ ಬಿಟ್ಟಿರ್ಲಿಲ್ಲ. ‘ನಾನು ಎದ್ದೆ ಕಣೇ, ಆದ್ರೆ ತಡವಾಗಿ ಎದ್ದೆ’ ಅಂದ್ಳು.”

“ನಂಗ್ಯಾಕೆ ಅಮ್ಮ ಇದನ್ನ ಹೇಳ್ಲಿಲ್ಲ?”

“ಹೇಳಿದ್ರೆ ನೆವ ಹೇಳಿದ ಹಾಗಾಗುತ್ತೆ ಅಂದ್ಕೊಂಡಿರ್ತಾಳೆ. ಅವಳನ್ನ ನೀನು ನೋಡಿಲ್ವಾ?”

“ನೀನ್ಯಾಕೆ ಬರೀಲಿಲ್ಲ?”

“ಬರೆದಿದ್ರೆ ಅವಳನ್ನ ಯಾರಿಗೂ ಕೊಲ್ಲೋಕೆ ಮನಸ್ಸು ಬರ್ತಿರ್ಲಿಲ್ಲ,” ಎಂದಳು ತಂಗಿ. “ಅವಳು ಸಾಯದಿದ್ರೆ ಆರನೇ ಕೋಟೆಯ ಬಾಗಿಲು ತೆಗೆಯಲ್ಲ.”

ಪುಟ್ಟಿ ಚೀಲ ಹೆಗಲಿಗೇರಿಸಿದಳು. ಬೈಯುತ್ತಾಳೆಂದು ತಂಗಿ ಕಾದಳು. ಅವಳು ಬೈಯಲಿಲ್ಲ.

“ಆ ವಿಮರ್ಶೆ ಬರೆದವನ ಹತ್ರ ನಿನಗೋಸ್ಕರ ಎಷ್ಟು ಜಗಳ ಆಡಿದ್ದೆ ಗೊತ್ತಾ? ಹೆಸರಿಲ್ಲದೆ ಮೂರು ಉತ್ತರ ಬರೆದಿದ್ದೆ. ಅವನೂ ತಪ್ಪು, ನಾನೂ ತಪ್ಪು. ಆರು ಕೋಟೆ ಹೇಗಾದ್ರೂ ಇರ್ಲಿ, ಚಿಕ್ಕಮ್ಮ. ಕೆಟ್ಟದಾಗಿರೋದು ಐದನೇದೇ.”

ಗಾಜಿನ ಬಾಗಿಲು ತಳ್ಳಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ನಾಲ್ಕು ತಿಂಗಳ ಮೇಲೆ ಮೊದಲ ಸಲ. ತಂಗಿ ಮೊದಲ ರಿಂಗಿಗೇ ಎತ್ತಿದಳು.

“ನಿನ್ನೆ ಪುಟ್ಟಿ ಬಂದಿದ್ಳು,” ಎಂದಳು ಅಕ್ಕ. “ನೀನು ಹೇಳಿದ್ಯಂತೆ.”

“ಹೂಂ ಅಕ್ಕ. ಏನಂದ್ಳು?”

“ಏನೂ ಅನ್ಲಿಲ್ಲ. ಊಟ ಮಾಡಿದ್ಳು. ಪಾತ್ರೆ ತೊಳೆದಿಟ್ಳು. ಮಂಚ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ಳು. ಅಜ್ಜಿ ಕಾಯ್ತಿರ್ತಾಳೆ ಅಂತ ಹೋದ್ಳು.” ಅಕ್ಕನ ಉಸಿರು ಕೇಳುತ್ತಿತ್ತು. “ಚಪ್ಪಲಿ ಹಾಕ್ಕೊಳ್ತಾ, ಬರೋ ಬುಧವಾರ ಬರ್ಲಾ ಅಂತ ಕೇಳಿದ್ಳು.”

“ನಾನೂ ಬರ್ಲಾ ಅಕ್ಕ?”

ಆ ಕಡೆ ಯಾರೋ ಅಕ್ಕನನ್ನು ಕರೆದರು. ಅಕ್ಕ “ಬಂದೆ” ಎಂದು ಅವರಿಗೆ ಹೇಳಿದ್ದು ಕೇಳಿಸಿತು.

“ಬೇಡ,” ಎಂದಳು ಅಕ್ಕ. “ಬರೋ ಹಾಗಿದ್ರೆ ನಾನೇ ಕರೀತೀನಿ.”

ಪುಟ್ಟಿ ಕೆಲವು ಬುಧವಾರ ಬಂದಳು, ಕೆಲವು ಬುಧವಾರ ಬರಲಿಲ್ಲ. ತಂಗಿ ಆ ಕಚೇರಿ ಬಿಟ್ಟು, ಔಷಧದ ಡಬ್ಬಿಗಳೊಳಗೆ ಇಡುವ ಸೂಚನೆಯ ಚೀಟಿಗಳನ್ನು ಬರೆಯುವ ಕೆಲಸಕ್ಕೆ ಸೇರಿದಳು. ‘ನಾನೇ ಕರೀತೀನಿ’ ಎಂದು ಅಕ್ಕ ಹೇಳಿ ಈಗ ಎರಡು ವರ್ಷವಾಯಿತು. ಇನ್ನೂ ಕರೆದಿಲ್ಲ.